ಪೆಸಾಂತ್ರೆನ್‌ನಲ್ಲಿ ಬೆತ್ತವಿಲ್ಲದ ಶಿಸ್ತು

ಆತ್ಮೀಯ ಶ್ರೋತೃಗಳೇ, ಇಂಡೊನೇಷ್ಯಾದ ಇಸ್ಲಾಮಿಕ್ ವಸತಿ ಶಾಲೆಗಳಿಗೆ ಪೆಸಾಂತ್ರೆನ್ ಎಂದು ಹೆಸರು. ವಿದ್ಯಾರ್ಥಿಯನ್ನು ಸಾಂತ್ರಿ ಎಂದೂ ಸಂಸ್ಥೆಯ ಹಿರಿಯ ಗುರುವನ್ನು ಕಿಯಾಯಿ ಎಂದೂ ಕರೆಯುತ್ತಾರೆ. 1899ರಲ್ಲಿ ಪೂರ್ವ ಜಾವಾದ ಜೊಂಬಾಂಗ್‌ನಲ್ಲಿ ಹಾಶಿಮ್ ಅಶ್ಅರಿಯವರು ಸ್ಥಾಪಿಸಿದ ತೆಬುಇರೆಂಗ್ ಇವುಗಳಲ್ಲಿ ಹೆಸರಾದುದು. ಗುರುಶಿಷ್ಯರು ಒಂದೇ ಆವರಣದಲ್ಲಿ ಹಗಲಿರುಳು ಬಾಳುವ ಇಂಥ ಕಡೆ ಶಿಸ್ತಿಗೆ ಬೆತ್ತ ಬೇಕೇ ಎಂಬುದು ಇಂದಿನ ವಿಚಾರ.

ಬೇಕು ಎನ್ನುವವರು, ಹತ್ತು ವರ್ಷದ ಮಗು ನಮಾಝ್ ಬಿಟ್ಟರೆ ಹೊಡೆಯಿರಿ ಎನ್ನುವ ಹದೀಸನ್ನು, ಅಂದರೆ ಪ್ರವಾದಿ ಮುಹಮ್ಮದರ ವಚನವನ್ನು, ಮುಂದಿಡುತ್ತಾರೆ. ಆದರೆ ಅದೇ ಹದೀಸು ಏಳನೆಯ ವಯಸ್ಸಿನಲ್ಲಿ ನಮಾಝ್‌ಗೆ ಹೇಳಿರಿ ಎಂದು ಆರಂಭವಾಗುತ್ತದೆ. ನಡುವಿನ ಮೂರು ವರ್ಷಗಳ ತಾಳ್ಮೆಯನ್ನು ಯಾರೂ ಉದ್ಧರಿಸುವುದಿಲ್ಲ. ಹತ್ತು ವರ್ಷ ಪ್ರವಾದಿಯವರ ಸೇವೆಯಲ್ಲಿದ್ದ ಅನಸ್ ಬಿನ್ ಮಾಲಿಕರು, ತಮಗೆ ಅವರು ಒಮ್ಮೆಯೂ ‘ಛೆ’ ಎಂದವರಲ್ಲ ಎಂದು ನೆನೆದಿದ್ದಾರೆ. 1377ರಲ್ಲಿ ಮುಕದ್ದಿಮಾ ಎಂಬ ಗ್ರಂಥ ಬರೆದ ಇತಿಹಾಸಕಾರ ಇಬ್ನ್ ಖಲ್ದೂನರಂತೂ, ಕಠಿಣ ದಂಡನೆಯಲ್ಲಿ ಬೆಳೆದ ವಿದ್ಯಾರ್ಥಿ ಸುಳ್ಳನ್ನೂ ಸೋಗನ್ನೂ ಕಲಿಯುತ್ತಾನೆ, ಕ್ರಮೇಣ ಅದೇ ಅವನ ಸ್ವಭಾವವಾಗುತ್ತದೆ ಎಂದು ಎಚ್ಚರಿಸಿದ್ದರು.

ಪೆಸಾಂತ್ರೆನ್‌ನಲ್ಲಿ ತಪ್ಪಿಗೆ ವಿಧಿಸುವ ಶಿಕ್ಷೆಯನ್ನು ತಕ್‌ಜಿರ್ ಎನ್ನುತ್ತಾರೆ. ಸಹಪಾಠಿಯ ಹಣ ಕದ್ದ ಹುಡುಗನನ್ನು ತೆಗೆದುಕೊಳ್ಳಿ. ಏಟು ತಿಂದವನು ಲೆಕ್ಕ ಚುಕ್ತಾ ಆಯಿತೆಂದು ಹಗುರಾಗುತ್ತಾನೆ. ತೌಬಾ, ಅಂದರೆ ಪಶ್ಚಾತ್ತಾಪ, ಅಷ್ಟು ಅಗ್ಗವಲ್ಲ: ತಪ್ಪನ್ನು ಬಿಡಬೇಕು, ಮನಸಾರೆ ನೊಂದುಕೊಳ್ಳಬೇಕು, ಮರುಕಳಿಸದಂತೆ ನಿಶ್ಚಯಿಸಬೇಕು, ಇನ್ನೊಬ್ಬರ ಸ್ವತ್ತಾದರೆ ಹಿಂದಿರುಗಿಸಬೇಕು. ಈ ನಾಲ್ಕರಲ್ಲಿ ಒಂದನ್ನೂ ಬೆತ್ತ ಮಾಡಿಸಲಾರದು. ಮುಂಜಾನೆಯ ನಮಾಝ್‌ಗೆ ಏಳದವನ ವಿಷಯದಲ್ಲೂ ಹಾಗೆಯೇ. ಅವನು ರಾತ್ರಿ ಎಷ್ಟು ಹೊತ್ತಿಗೆ ಮಲಗಿದನೆಂದು ವಿಚಾರಿಸುವುದು ಮೊದಲ ಕೆಲಸ. ಹೊಡೆಯುವ ಬದಲು ಕುರ್‌ಆನಿನ ಸೂಕ್ತಗಳನ್ನು ಬಾಯಿಪಾಠ ಮಾಡಿಸುವುದೂ ಉಂಟು. ನನಗೆ ಅದೂ ಅಷ್ಟಾಗಿ ಒಪ್ಪಿಗೆಯಿಲ್ಲ. ಪ್ರೀತಿಯಿಂದ ಓದಬೇಕಾದುದು ಶಿಕ್ಷೆಯ ರೂಪದಲ್ಲಿ ಬಂದರೆ ಮಗುವಿನ ಮನಸ್ಸಿನಲ್ಲಿ ಅದರ ಸ್ಥಾನವೇನಾದೀತು?

ನಿಜವಾದ ಅಪಾಯ ಕಿಯಾಯಿಯ ಕೈಗಿಂತ ಹೆಚ್ಚಾಗಿ ಹಿರಿಯ ಸಾಂತ್ರಿಗಳ ಕೈಯಲ್ಲಿದೆ. ಅನೇಕ ಕಡೆ ಶಿಸ್ತುಪಾಲನೆ ಹಿರಿಯ ವಿದ್ಯಾರ್ಥಿಗಳ ಭದ್ರತಾ ವಿಭಾಗಕ್ಕೆ ಸೇರಿದ್ದು. ತಾವು ಕಿರಿಯರಾಗಿದ್ದಾಗ ತಿಂದ ಏಟನ್ನೇ ಅವರು ಸಂಪ್ರದಾಯವೆಂದು ದಾಟಿಸುತ್ತಾರೆ. 2014ರಲ್ಲಿ ತಿದ್ದುಪಡಿಯಾದ ಇಂಡೊನೇಷ್ಯಾದ ಮಕ್ಕಳ ರಕ್ಷಣಾ ಕಾನೂನಿನ 54ನೆಯ ವಿಧಿ, ಶಾಲಾ ಆವರಣದಲ್ಲಿ ಮಗುವಿಗೆ ಶಿಕ್ಷಕರಿಂದಷ್ಟೇ ಅಲ್ಲ, ಸಹವಿದ್ಯಾರ್ಥಿಗಳ ಹಿಂಸೆಯಿಂದಲೂ ರಕ್ಷಣೆ ಇರಬೇಕೆನ್ನುತ್ತದೆ. ಹಾಗಾಗಿ ಹಿರಿಯರಿಗೆ ತಪ್ಪನ್ನು ವರದಿ ಮಾಡುವ ಹೊಣೆಯಿರಲಿ, ದಂಡಿಸುವ ಅಧಿಕಾರ ಬೇಡ. ದೀಪ ಆರಿದ ಮೇಲೆ ಕೋಣೆಗಳ ಸಾಲಿನಲ್ಲಿ ಸುತ್ತುಹಾಕುವವರು ಗುರುಗಳೇ ಆಗಿರಲಿ.