ಕಂಪ್ಲಿ ಸೇತುವೆ ಮ್ಯಾಲ ಸೀಗಡಿ ಬಲೆ ಬ್ಯಾಡ್ರಿ

ನಮಸ್ಕಾರ್ರಿ. ರಾತ್ರಿ ಸೇತುವೆ ಮ್ಯಾಲ ನಿಂತು, ಲೈಟ್ ಇಳಿಬಿಟ್ಟು, ಉದ್ದನೆ ಕೋಲಿನ ಬಲೆಯಿಂದ ಸೀಗಡಿ ಎತ್ತೋ ವಿಡಿಯೋ ನೋಡಿದ್ರ ನಮ್ಮ ಕಂಪ್ಲಿ ಸೇತುವೆಯಿಂದ ತುಂಗಭದ್ರಾ ಹೊಳ್ಯಾಗೂ ಮಾಡೋಣು ಅನ್ನಿಸ್ತದ. ಮಾಡಬ್ಯಾಡ್ರಿ ಅಂತೀನಿ. ಕಾರಣ ಕೇಳ್ರಿ.

ಕರಾವಳಿಯೊಳಗ ಸೀಗಡಿ ತಾನಾಗಿ ಸೇತುವೆ ಕೆಳಗ ಬರತದ. ಅಳಿವೆಯ ಉಪ್ಪು-ಸಿಹಿ ನೀರಾಗ ಬೆಳೆದದ್ದು, ಮೊಟ್ಟೆ ಇಡಾಕ ಸಮುದ್ರಕ್ಕ ಹೊಂಡ್ತದ. ರಾತ್ರಿ ಇಳಿತದ ನೀರು ಹಿಡಿದು ಸಾಗತದ. ಅಮಾಸಿ, ಹುಣ್ಣಿಮಿ ಆಜುಬಾಜು ಇಳಿತ ಜೋರು, ಬಲೆಗೆ ಸುಗ್ಗಿ. ಲೈಟ್ ನೀರಿನ ಮಟ್ಟಕ್ಕ ಹತ್ರ ಇಳಿಸಬೇಕು. ಕಟಕಟಿಗೆ ಕಟ್ಟಿದ್ರ ಬೆಳಕು ನೀರಿನ ಮ್ಯಾಲ ಹೊಳದು, ಒಳಗಿನದ್ದು ಕಾಣಂಗಿಲ್ಲ. ನೀರು ನಿಂತ್ರ ಆಟ ಮುಗೀತು.

ನಮ್ಮ ಹೊಳಿಗೆ ಭರತ ಇಲ್ಲ, ಇಳಿತ ಇಲ್ಲ. ಕೃಷ್ಣಾ ಕೊಳ್ಳದ ದೊಡ್ಡ ಸಿಹಿನೀರು ಸೀಗಡಿಯ ಮರಿಗೂ ಸ್ವಲ್ಪ ಉಪ್ಪುನೀರು ಬೇಕು. ಸಮುದ್ರದ ಕಡಿಂದ ಇಲ್ಲಿತನ ಬರೂ ದಾರಿಗೆ ಪ್ರಕಾಶಂ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲಂ, ಸುಂಕೇಸುಲ, ರಾಜೋಳಿಬಂಡ ಅಣೆಕಟ್ಟುಗಳು ಅಡ್ಡ ನಿಂತಾವ. ಇಲ್ಲಿ ಉಳಿದದ್ದು ಹೆಚ್ಚಾಗಿ ಎರಡು-ಮೂರು ಇಂಚಿನ ಸಣ್ಣ ಜಾತಿ, ಸಿಹಿನೀರಾಗೇ ಮರಿ ಮಾಡೋದು. ಅವು ದಂಡಿ ಕಲ್ಲು, ಬೇರು, ಜೊಂಡಿನ್ಯಾಗ ಕುಂತಿರ್ತಾವ. ನಡುಹೊಳ್ಯಾಗ ಲೈಟ್ ಬಿಟ್ರ ಹುಳಾ, ಸಣ್ಣ ಮೀನ ಬರ್ತಾವ ಅಷ್ಟ.

ಹಂಗಾಗಿ ಆಸೆ ಇದ್ದವರು ದಂಡಿಗೆ ಹೋಗ್ರಿ, ಮೊದಲು ಮೀನುಗಾರಿಕೆ ಇಲಾಖೆ ಕಚೇರ್ಯಾಗ ಕೇಳಿಕೊಂಡು. ಐದು ಅಡಿ ಕೋಲು, ಒಂದು ಅಡಿ ಬಾಯಿಯ ಬಲೆ, ತಲಿಗೆ ಟಾರ್ಚು ಸಾಕು. ಸೊಳ್ಳಿ ಪರದಿ ಬಟ್ಟಿ ಖಂಡಿತ ಬ್ಯಾಡ: ನೀರು ಸೋರದ ಬಲೆ ಭಾರ ಆಗತದ, ಮರಿಮೀನು ಎಲ್ಲಾ ಸಾಯ್ತಾವ. ಟಾರ್ಚಿಗೆ ಸೀಗಡಿ ಕಣ್ಣು ಸಣ್ಣ ಕಿಡಿಯಂಗ ಕೆಂಪಗ ಹೊಳಿತಾವ. ಬಲೆ ಬಾಲದ ಹಿಂದ ಮೆಲ್ಲಗ ಇಳಿಸಿ, ಇನ್ನೊಂದು ಕೋಲಿನಿಂದ ಸೀಗಡಿ ಮುಂದ ತಿವೀರಿ. ಹೆದರಿದ ಸೀಗಡಿ ಹಿಂದಕ್ಕ ಜಿಗಿತದ. ಮುಂದಿನಿಂದ ಹಾಕಿದವರಿಗೆ ಸಿಗೋದು ಕಲ್ಲು.

ಜಾಗದ ಮಾತಿಗೆ ಬರ್ತೀನಿ, ಇದು ನನಗ ಎಲ್ಲಕ್ಕಿಂತ ಮುಖ್ಯ. ಮುದ್ಲಾಪುರದಿಂದ ಕಂಪ್ಲಿ ಸೇತುವೆ ತನಕ 2015ರಾಗ ಘೋಷಿಸಿದ ನೀರುನಾಯಿ ಮೀಸಲು ಪ್ರದೇಶ ಐತಿ. ಸೀಗಡಿ, ಏಡಿ ಅವುಗಳ ಊಟ. ಆ ಪಟ್ಟಿ ಅವಕ್ಕ ಬಿಡ್ರಿ. ಮೊಸಳಿನೂ ಅದಾವ, ಅಗಲಕ್ಕ ಎರಡು ಕಣ್ಣು ಹೊಳದ್ರ ದಂಡಿ ಹತ್ತಿಬಿಡ್ರಿ. ಮತ್ತ ತುಂಗಭದ್ರಾ ಡ್ಯಾಮಿನ ಕೆಳಗ ನೀರು ಹೇಳಿ ಏರಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅದೇ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ನೀರು ನುಗ್ಗಿದ್ದು ನೆನಪೈತಲ್ಲ? ಮಳಿಗಾಲದಾಗ ಬಲೆ ಮನಿಯಾಗ ಇರ್ಲಿ.

ಹಿಡಿದ ಪ್ರತಿ ಸೀಗಡಿಯ ಹೊಟ್ಟಿ ಅಲ್ಲೇ ತಿರುವಿ ನೋಡ್ರಿ. ಬಾಲದ ಕೆಳಗ ಮೊಟ್ಟೆ ಗೊಂಚಲು ಇದ್ರ ಒದ್ದಿ ಕೈಯಿಂದ ಹಿಡಿದು, ಸಿಕ್ಕ ಜಾಗಕ್ಕ ಮರಳಿ ಬಿಡ್ರಿ. ಮನಿಗೆ ಬಂದ ಮ್ಯಾಲ ನೋಡಿದ್ರ ತಡ ಆಗಿರತದ.