ಗುಲಾಬಿ ಸಿಗದ ನಾಲ್ಕು ಜೋಡಿ

ಮಾಟುಂಗಾದಲ್ಲಿ ಭಾನುವಾರ ಸಂಜೆ ಭೌತಶಾಸ್ತ್ರ ಕೇಳಲು ಇಷ್ಟು ಜನ ಬಂದಿದ್ದೀರಿ. ಕಾಫಿ ಆಮೇಲೆ ಅಂತ ಹೇಳಿದ್ದಾರೆ, ಅದಕ್ಕೇ ಇರಬೇಕು! ಇವತ್ತು ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ. ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಹುಟ್ಟುವ ಟಾಪ್ ಕ್ವಾರ್ಕ್ ಜೋಡಿಗಳನ್ನು, ಅಂದರೆ ಒಂದು ಟಾಪ್ ಮತ್ತು ಅದರ ಪ್ರತಿಕಣವನ್ನು, ಎಣಿಸುವುದು ಹೇಗೆ?

ಟಾಪ್ ಕ್ವಾರ್ಕ್ ಸಿಕ್ಕಿದ್ದು 1995ರಲ್ಲಿ, ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ. ಹುಡುಕಿದ ಎರಡು ತಂಡಗಳಲ್ಲಿ ಒಂದರಲ್ಲಿ ನಮ್ಮ ಕೊಲಾಬಾದ ಟಾಟಾ ಸಂಸ್ಥೆಯವರೂ ಇದ್ದರು. ಇದು ಮೂಲಕಣ, ಅಂದರೆ ಒಳಗೆ ಇನ್ನೂ ಚಿಕ್ಕ ಭಾಗಗಳು ಕಾಣದ ಕಣ. ಆದರೂ ತೂಕ ಮಾತ್ರ ಹಳೇ ಬಲ್ಬಿನ ತಂತಿಯಲ್ಲಿರುವ ಟಂಗ್‌ಸ್ಟನ್ನಿನ ಇಡೀ ಪರಮಾಣುವಿನಷ್ಟು! ಆಯಸ್ಸು? ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿ. ಒಂದು ಚೂರನ್ನು ಮತ್ತೆ ಲಕ್ಷ ಕೋಟಿ ಚೂರು ಮಾಡಿ. ಅದರಲ್ಲಿ ಒಂದರ ಅರ್ಧ.

ಹಾಗಾಗಿ ಅದನ್ನು ಯಾರೂ ನೇರವಾಗಿ ನೋಡುವುದಿಲ್ಲ. ಒಡೆದ ಮೇಲೆ ಉಳಿದದ್ದನ್ನು ನೋಡುತ್ತೇವೆ. ಪ್ರತಿ ಟಾಪ್ ಹೆಚ್ಚುಕಡಿಮೆ ಯಾವಾಗಲೂ ಒಂದು ಡಬ್ಲ್ಯೂ ಕಣ, ಒಂದು ಬಾಟಮ್ ಕ್ವಾರ್ಕ್ ಆಗುತ್ತದೆ. ಒಂದು ಕಡೆಯ ಡಬ್ಲ್ಯೂ ಎಲೆಕ್ಟ್ರಾನ್ ಕೊಟ್ಟು, ಇನ್ನೊಂದು ಎಲೆಕ್ಟ್ರಾನಿನ ಭಾರದ ಅಣ್ಣನಾದ ಮ್ಯೂವಾನ್ ಕೊಟ್ಟರೆ ನಮಗೆ ಹಬ್ಬ. ನೂರು ಜೋಡಿಗಳಲ್ಲಿ ಎರಡೋ ಮೂರೋ ಮಾತ್ರ ಹೀಗೆ ಒಡೆಯುತ್ತವೆ. ಇರಲಿ, ಟಾಪ್ ಅಲ್ಲದ ಕಸ ಕಡಿಮೆ.

ಬಾಟಮ್ ಕ್ವಾರ್ಕಿನಿಂದ ಹುಟ್ಟಿದ ಕಣ ಕೆಲವು ಮಿಲಿಮೀಟರ್ ಓಡಿ ಆಮೇಲೆ ಒಡೆಯುತ್ತದೆ. ಅದೇ ಗುರುತು. ಆದರೆ ಎಲ್ಲ ಗುರುತೂ ಸಿಗುವುದಿಲ್ಲ. ಎಷ್ಟು ತಪ್ಪಿಹೋಯಿತು ಎಂದು ತಿಳಿಯುವುದು ಹೇಗೆ?

ಒಂದು ಮದುವೆಗೆ ಬನ್ನಿ. ಬಂದವರೆಲ್ಲ ಗಂಡ-ಹೆಂಡತಿ ಜೋಡಿಗಳೇ. ಬಾಗಿಲಲ್ಲಿ ಒಬ್ಬ ಹುಡುಗ ಗುಲಾಬಿ ಕೊಡುತ್ತಿದ್ದಾನೆ. ಗಡಿಬಿಡಿಯಲ್ಲಿ ಕೆಲವರನ್ನು ಬಿಟ್ಟುಬಿಡುತ್ತಾನೆ. ಒಳಗೆ ನೋಡಿದರೆ 64 ಜೋಡಿಯಲ್ಲಿ ಇಬ್ಬರ ಕೈಲೂ ಗುಲಾಬಿ, 32 ಜೋಡಿಯಲ್ಲಿ ಒಬ್ಬರ ಕೈಲಿ ಮಾತ್ರ. ಗುಲಾಬಿ ಸಿಕ್ಕಿದವರು ಒಟ್ಟು 160 ಜನ. ಅವರಲ್ಲಿ 128 ಜನರ ಸಂಗಾತಿಗೂ ಸಿಕ್ಕಿದೆ. ಅಂದರೆ ಹುಡುಗ ಐವರಲ್ಲಿ ನಾಲ್ವರಿಗೆ ಕೊಟ್ಟಿದ್ದಾನೆ. ಹಾಗಾದರೆ ಬಂದವರು 200 ಜನ, 100 ಜೋಡಿ. ಗುಲಾಬಿಯೇ ಸಿಗದ ಜೋಡಿ ನಾಲ್ಕು.

ಆ ನಾಲ್ಕನ್ನು ನೇರವಾಗಿ ಎಣಿಸಬಹುದಲ್ವಾ? ಆಗುವುದಿಲ್ಲ. ಪಕ್ಕದ ಹಾಲ್‌ನ ಮದುವೆಯವರೂ ಊಟಕ್ಕೆ ನುಗ್ಗಿದ್ದಾರೆ, ಅವರ ಕೈಲೂ ಗುಲಾಬಿ ಇಲ್ಲ. ನಮ್ಮಲ್ಲಿ ಗುಲಾಬಿ ಅಂದರೆ ಬಾಟಮ್ ಕ್ವಾರ್ಕಿನ ಗುರುತು, ಆ ಪಕ್ಕದ ಹಾಲ್‌ನವರು ಅಂದರೆ ಟಾಪ್ ಇಲ್ಲದೆ ಸುಮ್ನೆ ಹುಟ್ಟಿದ ಡಬ್ಲ್ಯೂ ಜೋಡಿಗಳು. ಜಿನೀವಾದ ಬಳಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ ಕೆಲಸ ಮಾಡುವ ಅಟ್ಲಾಸ್ ತಂಡ ಈ ಲೆಕ್ಕವನ್ನೇ ಬಳಸುತ್ತದೆ. ಈ ಇಡೀ ಅಳತೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಭಾಗ ಇಲ್ಲ.

ಇನ್ನೊಂದು ಕೆಲಸ ಉಳಿಯಿತು. ಎದುರುಬದುರು ಓಡುವ ಪ್ರೋಟಾನ್ ಕಿರಣಗಳು ಎಷ್ಟು ಡಿಕ್ಕಿಗೆ ಅವಕಾಶ ಕೊಟ್ಟವು? ಅವನ್ನು ಬೇಕೆಂದೇ ಅಕ್ಕಪಕ್ಕ ಸರಿಸಿ, ಡಿಕ್ಕಿ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಆಗ ಕಿರಣದ ಅಗಲ ತಿಳಿಯುತ್ತದೆ. ಇದು 1968ರಲ್ಲಿ ಭೌತವಿಜ್ಞಾನಿ ಸೈಮನ್ ವ್ಯಾನ್ ಡೆರ್ ಮೀರ್ ಕೊಟ್ಟ ಉಪಾಯ.

ಜೋಡಿಗಳ ಎಣಿಕೆಯನ್ನು ಈ ಡಿಕ್ಕಿಯ ಅವಕಾಶದಿಂದ ಭಾಗಿಸಿದರೆ, ಟಾಪ್ ಜೋಡಿ ಹುಟ್ಟುವ ಸಾಧ್ಯತೆ ಎಷ್ಟು ಎಂದು ತಿಳಿಯುತ್ತದೆ. ಅದನ್ನು ಪಿಕೊಬಾರ್ನ್ ಎಂಬ ಅತಿ ಚಿಕ್ಕ ಕ್ಷೇತ್ರಫಲದ ಅಳತೆಯಲ್ಲಿ ಹೇಳುತ್ತಾರೆ. 13 ಟಿಇವಿ (ಟಿಇವಿ ಅಂದರೆ ಕಣಗಳ ಶಕ್ತಿಯ ಅಳತೆ) ಡಿಕ್ಕಿ ಶಕ್ತಿಯಲ್ಲಿ ಬಂದ ಉತ್ತರ ಸುಮಾರು 830 ಪಿಕೊಬಾರ್ನ್. ತಪ್ಪಿನ ಅಂದಾಜು ಶೇ 2ಕ್ಕಿಂತ ಕಡಿಮೆ. ಸಿದ್ಧಾಂತದ ಲೆಕ್ಕವೂ ಅಲ್ಲೇ ಬರುತ್ತದೆ, ಆದರೆ ಅದರ ತಪ್ಪಿನ ಅಂದಾಜು ಇದಕ್ಕಿಂತ ಜಾಸ್ತಿ. ಈಗ ಬೆವರು ಒರೆಸಿಕೊಳ್ಳುತ್ತಿರುವವರು ಸಿದ್ಧಾಂತದವರು.