ಕತ್ತಿ ಯಾಕೆ ಕೆಂಪಾಯ್ತು?

ನಮಸ್ಕಾರ ಎಲ್ರಿಗೂ. ಶಿರಸಿ ಹತ್ರದ ನಮ್ಮನೆ ಜಗಲಿಯಿಂದ ಮಾತಾಡ್ತಾ ಇದೀನಿ, ಹಿಂದೆ ಸರ್ರ್ ಅಂತ ಸೌಂಡ್ ಬರ್ತಿದ್ರೆ ಅದು ಹಂಚಿನ ಮೇಲೆ ಮಳೆ, ಮೈಕ್ ಸರಿ ಇದೆ. ಇವತ್ತು ಶಾಲೆ ವಿಷ್ಯ. ನಮ್ಮ ಓದು ಪ್ರಾಕ್ಟಿಕಲ್ ಆಗ್ಬೇಕು, ಮಕ್ಕಳಿಗೆ ಬೋರ್ ಹೊಡೀತದೆ, ಸಿಸ್ಟಮ್ಮೇ ಬದಲಾಗ್ಬೇಕು ಅಂತ ಮದುವೆ ಮನೆ ಪಂಕ್ತಿಲಿ ಕೂತವರೂ ಹೇಳ್ತಾರೆ, ನಾನೂ ಹೇಳ್ತಿದ್ದೆ, ಹೇಳಿ ಹೋಳಿಗೆ ತಿಂದು ಎದ್ದು ಬರ್ತಿದ್ದೆ. ಈ ಸಲ ಜೂನಲ್ಲಿ ನಮ್ಮ ತೋಟದಲ್ಲಿ ಒಂದು ಸಣ್ಣ ಸಂಗತಿ ಆಯ್ತು, ಅಲ್ಲಿಂದ ತಲೆಲಿ ಕೊರೀತಾ ಇದೆ, ಅದನ್ನೇ ಹೇಳ್ತೀನಿ.

ಕೊಳೆ ಔಷಧಿ ಹೊಡಿಯೋ ದಿನ. ಅಡಿಕೆ ತೋಟ ಇಲ್ಲದವರಿಗೆ ಹೇಳ್ಬೇಕಂದ್ರೆ, ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರ್ತದೆ, ಅದಕ್ಕೆ ಬೋರ್ಡೋ ಹೊಡೀತೀವಿ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಬೇಕು, ಉಲ್ಟಾ ಮಾಡೋ ಹಾಗಿಲ್ಲ. ನಮ್ಮಲ್ಲಿಗೆ ಬರೋ ಕೊನೆಗೌಡ್ರು, ಅಂದ್ರೆ ಮರ ಹತ್ತಿ ಔಷಧಿ ಹೊಡಿಯೋ, ಅಡಿಕೆ ಗೊನೆ ಕೊಯ್ಯೋ ಕೆಲಸದವರು, ಆರನೇತ್ತಿಗೆ ಶಾಲೆ ಬಿಟ್ಟವರು. ಬ್ಯಾರಲ್ಲಲ್ಲಿ ಔಷಧಿ ಕಲಸಿ ಆದ್ಮೇಲೆ ಸೊಂಟದ ಕತ್ತಿ ತೆಗೆದು, ಕಲ್ಲಿಗೆ ನಾಲ್ಕು ಸಲ ಮಸೆದು, ಹೊಳೆಯೋ ಬಾಯನ್ನ ಆ ನೀಲಿ ನೀರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ಎತ್ತಿದ್ರು. ಕತ್ತಿ ಬಾಯಿ ಕೆಂಪು. "ಸುಣ್ಣ ಸಾಲ್ಲ ತಮಾ, ಇನ್ನೊಂದ್ ಬೊಗಸೆ ತಾ" ಅಂದ್ರು. ಹಾಕಿದ್ವಿ, ಮತ್ತೆ ಮಸೆದು ಅದ್ದಿದ್ರು, ಕೆಂಪಾಗ್ಲಿಲ್ಲ. ಆಯ್ತು, ಮರ ಹತ್ತೋಕೆ ಹೋದ್ರು.

ಅಲ್ಲೇ ನಿಂತಿದ್ದ ನಮ್ಮ ಅಕ್ಕನ ಮಗ, ಈ ವರ್ಷ ಎಸ್ಸೆಸ್ಸೆಲ್ಸಿ, ಒಳ್ಳೇ ಹುಷಾರು ಮಾಣಿ, ಕ್ಲಾಸಿಗೆ ಫಸ್ಟೋ ಸೆಕೆಂಡೋ. ಅವನಿಗೆ ಕೇಳಿದೆ, ಕತ್ತಿ ಎಂತಕ್ಕೆ ಕೆಂಪಾತು ಮಾಣಿ? "ಗೊತ್ತಿಲ್ಲೆ ಮಾವ, ತುಕ್ಕು ಹಿಡ್ದಿಕ್ಕು" ಅಂದ. ಸರಿ ಬಿಡು ಅಂತ ನಾನೂ ಸುಮ್ನಾದೆ, ಯಾಕಂದ್ರೆ ನಿಜ ಹೇಳ್ಬೇಕಂದ್ರೆ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ.

ಆಮೇಲೆ ಜುಲೈಯಲ್ಲಿ ಅವನ ಟೆಸ್ಟ್ ಪೇಪರ್ ನೋಡ್ತೀನಿ, ಸೈನ್ಸು. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಅದ್ದಿದಾಗ ದ್ರಾವಣದ ಬಣ್ಣ ಬದಲಾಗುವುದೇಕೆ, ಎರಡು ಮಾರ್ಕ್ಸಿನ ಪ್ರಶ್ನೆ. ಮಾಣಿ ಬರೆದಿದಾನೆ, ಸ್ಥಾನಪಲ್ಲಟ ಕ್ರಿಯೆ, ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಆದ್ದರಿಂದ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ, ಕೆಳಗೆ ಸಮೀಕರಣ, ಎರಡಕ್ಕೆ ಎರಡು. ನನಗೆ ಮೈ ಜುಮ್ ಅಂತು. ತಾಮ್ರದ ಸಲ್ಫೇಟ್ ಅಂದ್ರೆ ಮೈಲುತುತ್ತ! ಕಬ್ಬಿಣದ ಮೊಳೆ ಅಂದ್ರೆ ಕೊನೆಗೌಡ್ರ ಕತ್ತಿ! ಸುಣ್ಣ ಸಾಲದಿದ್ರೆ ನೀರಲ್ಲಿ ತಾಮ್ರ ಫ್ರೀ ಆಗಿ ಉಳೀತದೆ, ಅದು ಬಂದು ಕತ್ತಿ ಮೇಲೆ ಕೂರ್ತದೆ, ಹಾಗೇ ಹೊಡೆದ್ರೆ ಎಳೆ ಅಡಿಕೆ ಸುಟ್ಟು ಹೋಗ್ತದೆ. ಪುಸ್ತಕದ ಮೊದಲನೇ ಪಾಠ ಅದು, ಮನೆ ಅಂಗಳದಲ್ಲಿ ನಡೀತಿದೆ, ಹುಡುಗ ಎರಡನ್ನೂ ನೋಡಿದಾನೆ, ಎರಡೂ ಒಂದೇ ಅಂತ ಅವನಿಗೆ ಯಾರೂ ಹೇಳ್ಲಿಲ್ಲ. ಕಬ್ಬಿಣದ ಬಾನಿಯಲ್ಲಿ ತುತ್ತ ಕರಗಿಸ್ಬಾರದು ಅಂತ ಅಜ್ಜ ಬೈತಿದ್ದದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದೂ ಆವತ್ತೇ, ನಲವತ್ತು ದಾಟಿದ ಮೇಲೆ.

ಮಾಸ್ತರ್ರನ್ನ ಬೈಯೋಕೆ ಹೊರಟಿಲ್ಲ ಮಾರಾಯ್ರೆ. ಅವರು ಸಿಲೆಬಸ್ ಮುಗಿಸ್ಬೇಕು, ಎಸ್‌ಎಟಿಎಸ್‌ನಲ್ಲಿ ಆನ್‌ಲೈನಾಗಿ ಮಕ್ಕಳ ಡೇಟಾ ತುಂಬ್ಬೇಕು, ಮೊಟ್ಟೆ ಲೆಕ್ಕ ಬರೀಬೇಕು, ಎಲೆಕ್ಷನ್ ಬಂದ್ರೆ ಡ್ಯೂಟಿ. ನಮ್ಮ ಘಟ್ಟದ ಕಡೆ ಎಷ್ಟೋ ಶಾಲೆಲಿ ಒಬ್ರೇ ಟೀಚರು ಎರಡು ಮೂರು ಕ್ಲಾಸಿನ ಮಕ್ಕಳನ್ನ ಒಂದೇ ಕೋಣೇಲಿ ಕೂರಿಸ್ಕೊಂಡು ಪಾಠ ಮಾಡ್ತಾರೆ, ಅವರ ಹತ್ರ ಹೋಗಿ ಇನ್ನೂ ಎಂಗೇಜಿಂಗ್ ಆಗಿ ಮಾಡಿ ಅಂದ್ರೆ ಛತ್ರಿ ತಗೊಂಡು ಹೊಡೀಬಹುದು.

ಮತ್ತೆ ಈ ಎಂಗೇಜಿಂಗ್ ಅನ್ನೋದು. ಸ್ಮಾರ್ಟ್ ಕ್ಲಾಸ್ ಅಂತ ದೊಡ್ಡ ಟಿವಿ ಬರ್ತದೆ, ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಕರೆಂಟೇ ಇರಲ್ಲ, ಇದ್ದಾಗ ಟಿವಿ ಕೋಣೆ ಕೀಲಿ ಎಲ್ಲಿದೆ ಅಂತ ಹುಡುಕ್ಬೇಕು. ಇನ್ನು ಪ್ರಾಜೆಕ್ಟ್. ಅಪ್ಪ ಪೇಟೆಗೆ ಹೋಗಿ ಥರ್ಮಾಕೋಲ್ ತರ್ತಾನೆ, ಅಮ್ಮ ರಾತ್ರಿ ಹನ್ನೊಂದರ ತನಕ ಕೂತು ಫೆವಿಕಾಲ್ ಹಚ್ಚಿ ಜ್ವಾಲಾಮುಖಿ ಮಾಡ್ತಾಳೆ, ಅಡಿಗೆ ಸೋಡಾ ಹಾಕಿದ್ರೆ ಬುಸ್ ಅಂತ ನೊರೆ ಬರ್ತದೆ, ಮಗು ಮಲಗಿರ್ತದೆ. ಎಸ್ಸೆಸ್ಸೆಲ್ಸಿಲಿ ಒಂದೊಂದು ವಿಷಯಕ್ಕೆ 20 ಮಾರ್ಕ್ಸು, ಮೊದಲ ಭಾಷೆಗೆ 25, ಇಂಟರ್ನಲ್ ಇದೆಯಲ್ಲ, ಇದೇ ಚಟುವಟಿಕೆ ಪ್ರಾಜೆಕ್ಟುಗಳಿಗೇ ಇರೋದು, ಬಹಳ ಕಡೆ ಕೊನೆಗೆ ಎಲ್ರಿಗೂ ಹದಿನೆಂಟೋ ಹತ್ತೊಂಬತ್ತೋ. ನಮ್ಮಲ್ಲಿ ಪ್ರಾಕ್ಟಿಕಲ್ ಇಲ್ಲ ಅಂತ ಅಲ್ಲ, ಇದೆ, ಪ್ರಾಕ್ಟಿಕಲ್ಲಿನ ವೇಷ ಹಾಕ್ಕೊಂಡು ಇದೆ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ, ನನ್ನ ಬಾಯಿ ಮುಚ್ಚಿಸಿದ್ದು ಇದು. ಕತ್ತಿ ವಿಚಾರ ಗೊತ್ತಾದ ಖುಷಿಲಿ ಕೊನೆಗೌಡ್ರ ಹತ್ರ ಹೇಳ್ದೆ, ನೋಡಿ, ನೀವು ಮಾಡಿದ್ದೇ ನಮ್ಮ ಮಾಣಿ ಪುಸ್ತಕದಲ್ಲಿದೆ, ಶಾಲೆಲಿ ನಿಮ್ಮಂಥವರನ್ನ ಕರೆಸಿ ಮಕ್ಕಳಿಗೆ ಇಂಥದ್ದೆಲ್ಲ ಕಲಿಸ್ಬೇಕು ಅಂತ. ಅವರು ಕವಳ ಉಗಿದು ಬಂದು ಹೇಳಿದ್ರು, "ನಮ್ಮ ಹುಡ್ಗಿಗೆ ಇದ್ ಕಲ್ಸೂದ್ ಬ್ಯಾಡ. ಇದ್ ನಾನೇ ಕಲ್ಸ್ತೆ, ಪುಕ್ಕಟೆ. ಶಾಲೆಲಿ ಇಂಗ್ಲಿಷು ಲೆಕ್ಕ ಕಲ್ಸ್ಲಿ."

ಎಂತ ಉತ್ತರ ಕೊಡ್ತೀರಿ ಇದಕ್ಕೆ? ನಾನಂತೂ ಕೊಡ್ಲಿಲ್ಲ. ಯಾಕಂದ್ರೆ ಪ್ರಾಕ್ಟಿಕಲ್ ಪ್ರಾಕ್ಟಿಕಲ್ ಅಂತ ಕುಣಿಯೋರಲ್ಲಿ ಬಹಳ ಜನರ ಮಕ್ಕಳು ನೀಟ್ ಕೋಚಿಂಗಲ್ಲಿ ಇರ್ತಾರೆ, ಹೊಲಿಗೆ, ವೈರಿಂಗು, ತೋಟಗಾರಿಕೆ ಕಲೀಬೇಕಾದ್ದು ಯಾವಾಗ್ಲೂ ಬೇರೆಯವರ ಮಕ್ಕಳು. ಇದು ಸುಮ್ನೆ ನನ್ನ ಅನುಮಾನ ಅಲ್ಲ, ಪಕ್ಕದ ರಾಜ್ಯದಲ್ಲಿ ಆಗಿಹೋಗಿದೆ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಮುಖ್ಯಮಂತ್ರಿ ಆಗಿದ್ದಾಗ ಒಂದು ಸ್ಕೀಮ್ ತಂದ್ರು, ಹಳ್ಳಿ ಮಕ್ಕಳು ಅರ್ಧ ದಿನ ಶಾಲೆ, ಉಳಿದರ್ಧ ದಿನ ಅಪ್ಪನ ಕಸುಬು ಕಲೀಬೇಕು ಅಂತ. ಕುಂಬಾರನ ಮಗ ಗಡಿಗೆ ಮಾಡ್ಲಿ, ಕ್ಷೌರಿಕನ ಮಗ ಕತ್ತರಿ ಹಿಡೀಲಿ ಅಂತ ಆಯ್ತಲ್ಲ ಇದು, ಇದು ಕುಲಕಸುಬಿನ ಶಿಕ್ಷಣ ಅಂತ ಜನ ಎದ್ದು ನಿಂತ್ರು, ಮರುವರ್ಷ ರಾಜಾಜಿ ಕುರ್ಚಿ ಬಿಟ್ರು, ಕಾಮರಾಜ್ ಬಂದವರು ಆ ಸ್ಕೀಮನ್ನೇ ತೆಗೆದು ಹಾಕಿದ್ರು. ನಮ್ಮ ಕೊನೆಗೌಡ್ರಿಗೆ ಈ ಇತಿಹಾಸ ಗೊತ್ತಿಲ್ಲ, ಆದ್ರೆ ಅದರ ವಾಸನೆ ಅವರಿಗೆ ನನಗಿಂತ ಮೊದಲು ಬಡೀತು.

ಹಾಗಾಗಿ ಈಗ ನಾನು ಪ್ರಾಕ್ಟಿಕಲ್ ಅಂದಾಗ ಕೆಲಸ ಕಲಿಸೋದು ಅಂತ ಹೇಳ್ತಿಲ್ಲ. ಕೆಲಸ ಮನೇಲಿ ಕಲೀತಾರೆ. ಆ ಕೆಲಸದ ಒಳಗಿರೋ ಯಾಕೆ ಅನ್ನೋದನ್ನ ಶಾಲೆ ಬಿಡಿಸಿ ಹೇಳ್ಬೇಕು, ಹೆಗಡೇರ ಮಾಣಿಗೂ, ಕೊನೆಗೌಡ್ರ ಹುಡುಗಿಗೂ, ಒಂದೇ ಬೆಂಚಲ್ಲಿ. ಬೋರ್ಡೋ ಒಂದನ್ನೇ ತಗೊಳ್ಳಿ. ಬೋರ್ಡೋ ಅನ್ನೋದು ಫ್ರಾನ್ಸಿನ ಊರು, ಅಲ್ಲಿ ದ್ರಾಕ್ಷಿ ಬೆಳೆಗೆ 1885ರ ಹೊತ್ತಿಗೆ ಮಿಲಾರ್ಡೆ ಅನ್ನೋ ವಿಜ್ಞಾನಿ ಇದನ್ನ ಜಗತ್ತಿಗೆ ತಿಳಿಸಿದ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ನಮ್ಮ ಅಡಿಕೆ ಕೊಳೆರೋಗದ ಬಗ್ಗೆ ಬರೆದ್ರು, ಕೊಳೆರೋಗ ಅನ್ನೋ ಶಬ್ದ ಇಂಗ್ಲಿಷ್ ಪುಸ್ತಕದಲ್ಲೂ ಹಾಗೇ ಉಳ್ಕೊಂಡಿದೆ ಗೊತ್ತಾ? ಒಂದು ಬ್ಯಾರಲ್ಲು, ಅದರಲ್ಲಿ ಕೆಮಿಸ್ಟ್ರಿ ಇದೆ, ಬಯಾಲಜಿ ಇದೆ, ಇತಿಹಾಸ ಇದೆ, ಒಂದು ಪರ್ಸೆಂಟು ಅಂದ್ರೆ ಎಷ್ಟು ಅನ್ನೋ ಲೆಕ್ಕ ಇದೆ. ಇದಕ್ಕೆ ಹೊಸ ಬಿಲ್ಡಿಂಗ್ ಬೇಡ, ಟಿವಿ ಬೇಡ.

ಇದು ಹೊಸ ಮಾತೂ ಅಲ್ಲ ಬಿಡಿ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್, ಅಂದ್ರೆ ಕೈಕೆಲಸದ ಮೂಲಕ ಓದು, ಅಂದ್ರು, 1966ರಲ್ಲಿ ಕೊಠಾರಿ ಆಯೋಗ ಕಾರ್ಯಾನುಭವ ಬೇಕು ಅಂತು, 2020ರ ರಾಷ್ಟ್ರೀಯ ಶಿಕ್ಷಣ ಪಾಲಿಸಿಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಕಲಿಯೋ ಮಾತಿದೆ. ನಮ್ಮ ಕಾಲದಲ್ಲಿ ಕಾರ್ಯಾನುಭವ ಅಂದ್ರೆ ಶನಿವಾರ ಗ್ರೌಂಡಲ್ಲಿ ಹುಲ್ಲು ಕೀಳೋದು, ಹೆಡ್ಮಾಸ್ತರ್ರ ಕ್ರೋಟನ್ ಗಿಡಕ್ಕೆ ನೀರು ಹೊಯ್ಯೋದು. ಅನುಭವ ಏನೋ ಆಯ್ತು. ಪ್ರತಿ ಸಲ ಒಳ್ಳೇ ವಿಚಾರ ಬರ್ತದೆ, ಬಂದು ಟೈಮ್‌ಟೇಬಲ್ಲಿನ ಒಂದು ಪೀರಿಯಡ್ ಆಗಿ ಕೂರ್ತದೆ, ಆ ಪೀರಿಯಡ್ಡನ್ನ ಮಾರ್ಚ್ ಹತ್ರ ಬಂದಾಗ ಗಣಿತದ ಸರ್ ತಗೊಳ್ತಾರೆ.

ಹಾಗೆ ಆಗದೆ ನಿಂತದ್ದು ಅಂದ್ರೆ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಲಿ ಶುರುವಾಗಿದ್ದು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು, ಒಂದರಿಂದ ಮೂರನೇ ಕ್ಲಾಸು, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡ್ಕೊಂಡು ತಮ್ಮ ತಮ್ಮ ಸ್ಪೀಡಲ್ಲಿ ಕಲೀತಾರೆ. ಸಾವಿರ ತಕರಾರು ಇದೆ ಅದರ ಬಗ್ಗೆ, ಓದೋಕೆ ಬರಲ್ಲ ಅಂತ ಪಾಲಕರು ಹೇಳ್ತಾರೆ, ಕೆಲವು ಕಡೆ ನಿಜವೂ ಹೌದು. ಆದ್ರೂ ಅದು ನಿಂತಿದ್ದು ಯಾಕೆ ಅಂದ್ರೆ ಇಡೀ ಪಾಠವೇ ಹಾಗೆ ಇತ್ತು, ಪಕ್ಕಕ್ಕೆ ಅಂಟಿಸಿದ್ದಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಕೂಡ್ಲೆ ಅದೇ ಮಕ್ಕಳು ಬೆಂಚು, ಕೈಕಟ್ಟಿ, ಬಾಯ್ಮುಚ್ಚಿ. ಮೂರು ವರ್ಷ ಹೊಳೇಲಿ ಈಜಿದ ಮೀನನ್ನ ಬಾಟ್ಲಿಗೆ ಹಾಕಿದ ಹಾಗೆ.

ನನಗೆ ಕೇಳಿದ್ರೆ ಬದಲಾಗ್ಬೇಕಾದ್ದು ಪ್ರಶ್ನೆಪತ್ರಿಕೆ. ಪಾಸಿಂಗ್ 35 ಇದ್ದದ್ದು 33 ಆಯ್ತು, ವರ್ಷಕ್ಕೆ ಮೂರು ಸಲ ಪರೀಕ್ಷೆ ಬಂತು, ಅದರ ಮೇಲೆ ಟಿವಿಲಿ ವಾರಗಟ್ಲೆ ಚರ್ಚೆ, ಪೇಪರಲ್ಲಿ ಏನು ಕೇಳ್ತಿದೀವಿ ಅನ್ನೋದರ ಮೇಲೆ ಹತ್ತು ನಿಮಿಷ ಇಲ್ಲ. ಅದೇ ಎರಡು ಮಾರ್ಕ್ಸಿನ ಪ್ರಶ್ನೆನ ಹೀಗೆ ಕೇಳಿ, ಒಬ್ಬ ರೈತ ಬೋರ್ಡೋ ದ್ರಾವಣದಲ್ಲಿ ಕತ್ತಿ ಅದ್ದಿದ, ಕೆಂಪಾಯ್ತು, ಅವನು ಏನು ಸೇರಿಸ್ಬೇಕು, ಯಾಕೆ? ಒಂದೇ ಒಂದು ವರ್ಷ ಕೇಳಿ ಸಾಕು, ಮರುವರ್ಷ ಬೀದರಿನಿಂದ ಚಾಮರಾಜನಗರದ ತನಕ ಟ್ಯೂಷನ್ನಿನವರೂ ಬಕೆಟ್ಟಲ್ಲಿ ಕತ್ತಿ ಅದ್ದಿ ತೋರಿಸ್ತಾರೆ. ನಮ್ಮ ದೇಶದಲ್ಲಿ ಮಾರ್ಕ್ಸ್ ಎಲ್ಲಿ ಹರೀತದೋ ಪಾಠ ಅಲ್ಲಿ ಹರೀತದೆ, ಇಳುಕಲಿಗೆ ನೀರು ಹೋದ ಹಾಗೆ.

ಕಾರವಾರದ ಕಡೆಯವರು ನಮ್ಮ ಅಡಿಕೆ ಪುರಾಣ ಯಾಕೆ ಕೇಳ್ಬೇಕು ಅಂತೀರಾ? ಬೈತಖೋಲ ಬಂದರಿನ ಹುಡುಗನಿಗೆ ಭರತಿ, ಅಂದ್ರೆ ಸಮುದ್ರದ ಉಬ್ಬರ, ಯಾವಾಗ ಏರ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಎಷ್ಟು ಏರ್ತದೆ ಅಂತ ನಿದ್ದೆಲಿ ಕೇಳಿದ್ರೂ ಗೊತ್ತು, ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಯಾಕೆ ಮೇಲೆ ಎಳೆದಿರ್ತಾರೆ ಅಂತಾನೂ ಗೊತ್ತು, ಮೀನು ಮೊಟ್ಟೆ ಇಡೋ ಕಾಲ. ಆದ್ರೆ ಉಬ್ಬರವಿಳಿತ ಎಂದರೇನು ಅನ್ನೋ ಪ್ರಶ್ನೆಗೆ ಪುಸ್ತಕದ ವಾಕ್ಯ ಮರೆತು ಸೊನ್ನೆ ತಗೊಂಡು ಬರ್ತಾನೆ. ಕುಮಟಾದ ಕಡೆ ಅಘನಾಶಿನಿ ಹೊಳೆ ದಂಡೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ನುಗ್ಗಿದ್ರೂ ತಡ್ಕೊಳ್ಳೋ ಕಗ್ಗ ಭತ್ತ ಇದೆ, ಹತ್ರದಲ್ಲೇ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ. ಬಾಷ್ಪೀಕರಣಕ್ಕೆ ಇದಕ್ಕಿಂತ ದೊಡ್ಡ ಲ್ಯಾಬ್ ಬೇಕಾ?

ಕಾರವಾರ ಅಂದಾಗ ಒಂದು ನೆನಪಾಯ್ತು. ಬೀಚಿಗೆ ಟಾಗೋರರ ಹೆಸರಿದೆಯಲ್ಲ, ಅವರಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ರು, ಟಾಗೋರರು 22ರ ಆಸುಪಾಸಿನ ಹುಡುಗ ಆಗಿದ್ದಾಗ ಬಂದು ಉಳ್ಕೊಂಡಿದ್ರು. ಅವರು ಶಾಲೆ ಅಂದ್ರೆ ಓಡಿ ಹೋಗ್ತಿದ್ದವರು, ಅದಕ್ಕೇ 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ಕೆಳಗೆ ಶಾಲೆ ಶುರು ಮಾಡಿದ್ರು. ಈಗ ಅವರ ಹೆಸರಿನ ಬೀಚಿಗೆ ನಮ್ಮ ಶಾಲೆ ಮಕ್ಕಳು ಹೋಗೋದು ಯಾವಾಗ? ಸ್ವಚ್ಛತಾ ಅಭಿಯಾನದ ಫೋಟೋಕ್ಕೆ.

ಒಂದು ಸಣ್ಣ ಆಸೆ ಹೇಳಿ ಬಿಡ್ತೀನಿ. ಜಿಲ್ಲೆಯ ಪ್ರತಿ ಶಾಲೆಲಿ ಒಂದು ಮಳೆಮಾಪಕ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ಮಗು ಹೋಗಿ ಓದಿ ಬರ್ಕೊಂಡು ಬರ್ಬೇಕು. 1 ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು ಒಂದು ದಿನಕ್ಕೆ 100 ಮಿಲಿಮೀಟರ್ ಬಿದ್ರೆ 10,000 ಲೀಟರ್, ಹಾಗಾದ್ರೆ ಏಪ್ರಿಲಲ್ಲಿ ಶಾಲೆ ಬಾವಿ ಯಾಕೆ ಒಣಗ್ತದೆ? ಸರಾಸರಿ, ಗ್ರಾಫು, ಸಂಖ್ಯಾಶಾಸ್ತ್ರ ಎಲ್ಲ ಆ ಮಳೆ ಬರೆದ ಪುಸ್ತಕದಲ್ಲೇ ಬರ್ತದೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು, ಆವತ್ತಿಂದ ನಮ್ಮ ಕಡೆ ಮಕ್ಕಳಿಗೂ ಜೋರು ಮಳೆ ಬಂದ್ರೆ ಭಯ. ಮಳೆ ರಜೆ ಯಾವಾಗ ಸಿಗ್ತದೆ ಅಂತ ಕಾಯೋ ಮಕ್ಕಳು, ಎಷ್ಟು ಬಿತ್ತು ಅಂತಾನೂ ಅಳೀಲಿ. ಆ 20 ಇಂಟರ್ನಲ್ ಮಾರ್ಕ್ಸನ್ನ ಆ ಮಳೆ ಪಟ್ಟಿಗೆ ಕೊಡಿ.

ಅಕ್ಕನಿಗೆ ಇದೆಲ್ಲ ಹೇಳಿದೆ. "ಮೊದ್ಲು ಅವಂಗೆ ಆರುನೂರ ಮೇಲೆ ಬರ್ಲಿ, ಆಮೇಲೆ ನಿನ್ನ ಕತ್ತಿ" ಅಂದ್ಲು. ಅವಳದ್ದೂ ತಪ್ಪಲ್ಲ, 625ಕ್ಕೆ ಎಷ್ಟು ಅಂತಲೇ ಊರು ಕೇಳೋದು.

ಎರಡನೇ ಸಲದ ಔಷಧಿ ಬಾಕಿ ಇದೆ, ಮಳೆ ಸ್ವಲ್ಪ ಹೊಳವಾದ್ರೆ ಈ ವಾರ ಹೊಡಿಸ್ತೀವಿ. ಮಾಣಿಗೆ ಸೈನ್ಸ್ ಪುಸ್ತಕ ಹಿಡ್ಕೊಂಡೇ ತೋಟಕ್ಕೆ ಬಾ ಅಂದಿದೀನಿ. ಕೊನೆಗೌಡ್ರಿಗೂ ಹೇಳಿದೀನಿ, ಮಗಳನ್ನ ಕರ್ಕೊಂಡು ಬನ್ನಿ, ಕೆಲಸಕ್ಕಲ್ಲ, ಇವನಿಗೆ ಸಮೀಕರಣ ಬ್ಯಾಲೆನ್ಸ್ ಮಾಡೋಕೆ ಬರ್ತದೋ ಇಲ್ವೋ ಅವಳೇ ಚೆಕ್ ಮಾಡ್ಲಿ ಅಂತ, ಅವಳೂ ಹತ್ತನೇತ್ತಿನೇ. ನಕ್ಕರು. ಬರ್ತಾಳೋ ಇಲ್ವೋ ನೋಡ್ಬೇಕು, ಭಾನುವಾರ ಟ್ಯೂಷನ್ ಇದೆಯಂತೆ.